ಮರುದಿನದ ಸಿಟ್ಟೂ ಎಣ್ಣೀದ ಐತ್ರಿ

ಸಂಪಾದಕರಿಗೆ ನಮಸ್ಕಾರ್ರಿ,

ನಾನು ಬನಹಟ್ಟಿಯಾಗ ಪವರ್‌ಲೂಮ್ ಮ್ಯಾಲ ದುಡಿಯಾಂವ. ಪೇಪರ್‌ನ್ಯಾಗ ಕುಡಿತದ ಸುದ್ದಿ ಅಂದ್ರ ಕುಡದು ಬಡದಾಡಿದ್ದು, ಕುಡದು ಗಾಡಿ ಹೊಡದು ಬಿದ್ದದ್ದು ಅಷ್ಟ ಬರತೈತಿ, ನಶಾ ಇಳದ ಮ್ಯಾಲ ಮನಶ್ಯಾ ಹೆಂಗಾಗ್ತಾನ ಅನ್ನೋದನ್ನ ಯಾರೂ ಬರಿಯಂಗಿಲ್ಲ, ಅದಕ್ಕ ಈ ಪತ್ರ.

ನಮ್ಮಣ್ಣ ಹದಿನೈದು ವರ್ಷ ಕುಡದ್ರಿ. ಮನ್ಯಾಗ ನಾವೆಲ್ಲಾ ರಾತ್ರಿ ಬೈಗಳ ಎಣ್ಣೀದು, ಮುಂಜಾನಿ ಸಿಟ್ಟು ಮಾತ್ರ ಅವನ ಸ್ವಭಾವ ಅಂತ ತಿಳಕೊಂಡಿದ್ವಿ, ಯಾಕಂದ್ರ ಮುಂಜಾನಿ ಅಂವ ಕುಡದಿರ್ತಿದ್ದಿಲ್ಲ. ಚಾದಾಗ ಸಕ್ರಿ ಕಡಿಮಿ ಆದ್ರ ಬಶಿ ಒಗಿತಿದ್ದ, ಮಗಳು ಜೋರಾಗಿ ಪಾಠ ಓದಿದ್ರ ಒದರತಿದ್ದ, ಆಮ್ಯಾಲ ಒಬ್ಬನ ಕುಂತು ಅಳತಿದ್ದ. "ಇವರ ಗುಣಾನ ಹಿಂಗ, ಕುಡದಾಗರ ಒಂದೀಟು ನಗತಾರ" ಅಂತಿದ್ರು ನಮ್ಮ ವೈನಿ, ಅವ್ವನೂ ಹೂಂ ಅಂತಿದ್ಲು.

ಒಂದಿನ ಮಗ್ಗದ ಮ್ಯಾಲ ಎಳಿ ಹರದಿತ್ತು. ಎಳಿಗೆ ಗಂಟ ಹಾಕೋದು ಅವಗ ಕಣ್ಣ ಮುಚ್ಚಿ ಬರೋ ಕೆಲಸ. ಅವತ್ತ ಬೆರಳು ನಡಗತಾವು, ಎಳಿ ಹಿಡಿಯಾಕ ಬರವಲ್ದು, ಮೂರು ಸಲ ಜಾರಿತು. ನಾ ಕಟ್ಟತೀನಿ ತಡಿ ಅಂತ ಹೋದ್ರ ನನ್ನ ದಬ್ಬಿದ. ಹೊರಗ ಚಳಿ, ಇವನ ಕುತಗಿ ಮ್ಯಾಲ ನೋಡಿದ್ರ ಬೆವರು ಹರೀತಿತ್ತು.

ಆಮ್ಯಾಲ ನಾವು ಮಾಡಿದ್ದು ದೊಡ್ಡ ತಪ್ಪ್ರಿ. ಗುಡಿ ಮುಂದ ಆಣಿ ಮಾಡಿಸಿ ಒಮ್ಮೆಲೆ ಬಿಡಿಸಿದ್ವಿ, ಎರಡನೇ ದಿನ ಅವಗ ಫಿಟ್ಸ್ ಬಂತು, ಗ್ವಾಡಿ ಮ್ಯಾಲ ಹುಳ ಹರದಾಡತಾವು ಅಂತ ಹೊಡಕೊಳ್ಳಾಕತ್ತ, ದೆವ್ವ ಬಡದೈತಿ ಅಂದ ಮಂದಿನೂ ಇದ್ರು. ಡಾಕ್ಟರ್ ಬಿಡಿಸಿ ಹೇಳಿದ ಮ್ಯಾಲ ತಿಳೀತು ನಮಗ. ಎಣ್ಣಿ ಮೆದುಳಿಗೆ ಬ್ರೇಕ್ ಹಾಕಿದಂಗಂತ, ಮೊದಲ ಮಲಗೋದು "ಇದನ್ನ ಅನಬ್ಯಾಡ, ಇದನ್ನ ಮಾಡಬ್ಯಾಡ" ಅಂತ ತಡಿಯೋ ಭಾಗ, ಅದಕ್ಕ ಮೊದಲ ಅರ್ಧ ತಾಸು ಮಾತು, ನಗು, ಧೈರ್ಯ ಎಲ್ಲಾ ಬರತಾವು. ದಿನಾ ಬ್ರೇಕ್ ಬಿದ್ರ ಮೆದುಳು ಸುಮ್ನ ಇರಂಗಿಲ್ರಿ, ತಾನೂ ಎಕ್ಸಲೇಟರ್ ಒತ್ತತೈತಿ, ಮುಂಜಾನಿ ಎಣ್ಣಿ ಇಳದು ಬ್ರೇಕ್ ಬಿಟ್ಟ ಕೂಡಲೆ ಬರೇ ಎಕ್ಸಲೇಟರ್ ಉಳೀತೈತಿ. ನಡಕ, ಬೆವರು, ಎದಿ ಢವಢವ, ಸಣ್ಣ ಮಾತಿಗೆ ಸಿಟ್ಟು, ಯಾಕೋ ಅಂಜಿಕಿ ಎಲ್ಲಾ ಅದರಿಂದ. ಕುಡದ್ರ ನಿದ್ದಿ ಬರತೈತಿ ಅಂತಾರಲ್ಲ, ಅದೂ ಪೂರಾ ನಿದ್ದಿ ಅಲ್ಲ, ನಮ್ಮಣ್ಣಗ ನಸಕಿನ್ಯಾಗ ಮೂರಕ್ಕ ಎಚ್ಚರ ಆಕ್ಕಿತ್ತು. ಎಚ್ಚರ ಆದ್ರ ಮತ್ತ ಬೇಕ ಅನಸ್ತೈತಿ, ಕುಡದ್ರ ಕೈ ನಿಲ್ಲತಾವು, ನೋಡು ಇದು ಔಷಧ ಅಂತ ತಿಳೀತಾನ ಆ ಮನಶ್ಯಾ.

2007 ಜುಲೈದಾಗ ಸರ್ಕಾರ ಸರಾಯಿ ಬಂದ್ ಮಾಡಿದಾಗ ಹೆಣ್ಮಕ್ಕಳು ನಿಟ್ಟುಸಿರು ಬಿಟ್ಟಿದ್ರು, ಆಮ್ಯಾಲ ಆ ಜಾಗಾಕ್ಕ 90 ಎಂಎಲ್ ಪ್ಯಾಕೆಟ್ ಬಂತು. ಕಿಸೆದಾಗ ಇಟಗೊಂಡು ಹೋಗು ಅಂತನ ಮಾಡಿದಂಗ ಐತಿ ಅದು.

ನಾ ಅಣ್ಣನ ಪರ ವಕಾಲತ್ತಿ ಮಾಡಾಕತ್ತಿಲ್ರಿ. ವೈನಿ ಮ್ಯಾಲ ಕೈ ಎತ್ತಿದ್ದು ಎತ್ತಿದ್ದ, ಮೆದುಳಿನ ಕತಿ ಹೇಳಿದ್ರ ಆ ಪೆಟ್ಟು ಹೋಗಂಗಿಲ್ಲ. ಖರೇ ಅಂದ್ರ ಔಷಧ ಕೊಟ್ಟು ಸಾವಕಾಶ ಬಿಡಿಸಿದ ಮ್ಯಾಲ ಒಂದೂವರಿ ತಿಂಗಳಿಗೆ ಆ ಮುಂಜಾನಿ ಸಿಟ್ಟು, ಅಳು ಎರಡೂ ಹೋದ್ವು. ಈಗ ಮಗಳು ಓದುವಾಗ ಬಾಜು ಕುಂತು ಹಣಗಿ ಹಿಡದು ಅಕಿ ತಲಿ ಬಾಚ್ತಾನ. ವೈನಿ ಇನ್ನೂ ಚಾ ಇಡುವಾಗ ಅವನ ಮಾರಿ ನೋಡ್ತಾರ, ಸಕ್ರಿ ಸರಿ ಐತೇನು ಅಂತ.

ನಿಮಗ ಒಂದ ವಿನಂತಿ. ದಿನಾ ಕುಡಿಯಾವ್ರನ್ನ ಆಣಿ ಮಾಡಿಸಿ ಒಮ್ಮೆಲೆ ಬಿಡಸಬ್ಯಾಡ್ರಿ, ಡಾಕ್ಟರ್ ಕಡೆ ಕರಕೊಂಡು ಹೋಗ್ರಿ ಅಂತ ಬರೀರಿ. ಟೆಲಿ ಮಾನಸ್ ಅಂತ ಮನಸ್ಸಿನ ತೊಂದ್ರಿಗೆ ಫೋನ್‌ನ್ಯಾಗ ಸಲಹೆ ಕೊಡೋ ಸರ್ಕಾರದ ನಂಬರ್ ಐತಿ, 14416, ಫ್ರೀ, ರಾತ್ರಿ ಹಗಲೂ ನಡೀತೈತಿ, ಕನ್ನಡದಾಗ ಮಾತಾಡ್ತಾರ. ಕುಡದು ಬಡದಾಡಿದ ಸುದ್ದಿ ಹಾಕಿದಾಗೆಲ್ಲಾ ಅದರ ಕೆಳಗ ಈ ನಂಬರ್ ದಪ್ಪ ಅಕ್ಷರದಾಗ ಹಾಕ್ರಿ, ನಮ್ಮ ಮನಿಗೆ ಅದು ಮೂರು ವರ್ಷ ತಡಾ ಆಗಿ ಸಿಕ್ತು.

ಒಬ್ಬ ನೇಕಾರ,
ಬನಹಟ್ಟಿ, ಬಾಗಲಕೋಟ ಜಿಲ್ಲಾ