ಭಾನುವಾರದ ಮೀಟಿಂಗ್: ನಾಯ್ಸ್ ಅಕಾಡೆಮಿ
ಎಲ್ರಿಗೂ ನಮಸ್ಕಾರ 🙏 ಈ ಭಾನುವಾರ ಸಂಜೆ 6ಕ್ಕೆ ನಮ್ಮ ಇತಿಹಾಸ ಓದು ಗುಂಪಿನ ಗೂಗಲ್ ಮೀಟ್ ಇದೆ. ವಿಷಯ ಅಮೆರಿಕದ ನ್ಯೂ ಹ್ಯಾಂಪ್‌ಶೈರ್‌ನ ಕೇನನ್ ಅನ್ನೋ ಸಣ್ಣ ಊರಿನ ನಾಯ್ಸ್ ಅಕಾಡೆಮಿ ಅನ್ನೋ ಶಾಲೆ. 1835 ಮಾರ್ಚಲ್ಲಿ ಶುರುವಾಗಿ ಆಗಸ್ಟಲ್ಲೇ ಮುಗಿದೋಯ್ತು, ಯಾಕಂದ್ರೆ ಕರಿಯರು ಬಿಳಿಯರು ಒಟ್ಟಿಗೆ ಓದ್ತಿದ್ರು ಅಂತ ಊರೋರು ಮೀಟಿಂಗ್ ಮಾಡಿ ತೀರ್ಮಾನ ತಗೊಂಡು ಎತ್ತು ಕಟ್ಟಿ ಇಡೀ ಬಿಲ್ಡಿಂಗನ್ನೇ ಅಡಿಪಾಯದಿಂದ ಕಿತ್ತು ಎಳ್ಕೊಂಡೋದ್ರು (ನಿಜವಾಗ್ಲೂ!).

ಅಲ್ಲಿಂದ ಓಡಿಸಿದ ಹುಡುಗರಲ್ಲಿ ಒಬ್ಬ ಹೆನ್ರಿ ಹೈಲ್ಯಾಂಡ್ ಗಾರ್ನೆಟ್, ಮುಂದೆ 1865ರಲ್ಲಿ ಅಮೆರಿಕದ ಸಂಸತ್ ಭವನದಲ್ಲೇ ಪ್ರವಚನ ಕೊಟ್ಟೋರು. ಅದೇ ಶಾಲೇಲಿ ಓದ್ತಿದ್ದ ಅಲೆಕ್ಸಾಂಡರ್ ಕ್ರಮೆಲ್ ಬಗ್ಗೆನೂ ಸ್ವಲ್ಪ ಓದ್ಕೊಂಡ್ ಬನ್ನಿ.

ಲಿಂಕ್ ಶನಿವಾರ ರಾತ್ರಿ ಹಾಕ್ತೀನಿ. ಬರೋರು ಶುಕ್ರವಾರದೊಳಗೆ ಇಲ್ಲೇ 👍 ಹಾಕಿ, ಹತ್ತು ನಿಮಿಷ ಮಾತಾಡೋಕೆ ಇಷ್ಟ ಇರೋರು ನಂಗೆ ಪರ್ಸನಲ್ಲಾಗಿ ಮೆಸೇಜ್ ಮಾಡಿ. ದಯವಿಟ್ಟು ಗುಡ್ ಮಾರ್ನಿಂಗ್ ಫಾರ್ವರ್ಡ್ ಮಧ್ಯೆ ಇದು ಕಳೆದೋಗ್ದಂಗೆ ನೋಡ್ಕೊಳ್ಳಿ 😄