ಎರಡು ಕಣ್ಣು, ಒಂದೇ ಮಂಜು

ಚಿಕ್ಕಮಗಳೂರಿನಲ್ಲಿ ಕಳೆದ ಭಾನುವಾರ ಮುಗಿದ ನನ್ನ ಚಳಿಗಾಲದ ಜಲವರ್ಣ ಚಿತ್ರಗಳ ಪ್ರದರ್ಶನಕ್ಕೆ ಬಂದು, 22 ಚಿತ್ರಗಳ ಮುಂದೆಯೂ ಸಾವಧಾನದಿಂದ ನಿಂತು ನೋಡಿದ ಎಲ್ಲರಿಗೂ ನನ್ನ ವಂದನೆಗಳು. ಹಸಿರಿಗೆ ಹೆಸರಾದ ಊರಿನಲ್ಲಿದ್ದುಕೊಂಡು ಇಷ್ಟೊಂದು ಬೂದು ಬಣ್ಣವೇಕೆ ಎಂದು ಹಲವರು ಕೇಳಿದಿರಿ. ಅದಕ್ಕೆ ಉತ್ತರ ಹೇಳಹೊರಟರೆ ನಾನು ಯಾರಿಗೆಲ್ಲ ಋಣಿ ಎಂಬುದನ್ನೂ ಹೇಳಬೇಕಾಗುತ್ತದೆ.

ಮೊದಲ ಋಣ ಪ್ರೌಢಶಾಲೆಯಲ್ಲಿ ನನಗೆ ಕಲಿಸಿದ ಡ್ರಾಯಿಂಗ್ ಮೇಷ್ಟ್ರದು. ಮೈಸೂರು ಸೀಮೆಯ ಹಿರಿಯ ಚಿತ್ರಕಾರ ಕೆ. ವೆಂಕಟಪ್ಪನವರು ಊಟಿಯ ಮಂಜನ್ನು ಜಲವರ್ಣದಲ್ಲಿ ಹಿಡಿದ ಬಗೆಯನ್ನು ಬೆಂಗಳೂರಿಗೆ ಕರೆದೊಯ್ದು ತೋರಿಸಿದವರೂ ಅವರೇ. ಎರಡು ವರ್ಷಗಳಿಂದ ನನ್ನ ಚಿತ್ರಗಳು ಮಂಕಾಗುತ್ತಿದ್ದುದನ್ನು ನಾನು ಪ್ರೌಢತೆಯೆಂದು ಭಾವಿಸಿ ಒಳಗೊಳಗೇ ಬೀಗುತ್ತಿದ್ದಾಗ, ಅವರು ಒಂದು ಚಿತ್ರವನ್ನು ಬೆಳಕಿಗೆ ಹಿಡಿದು, "ನಿನ್ನ ಮುಳ್ಳಯ್ಯನಗಿರಿಗೆ ಕಾಮಾಲೆ ಬಂದಿದೆಯಲ್ಲೋ, ಮೊದಲು ಕಣ್ಣು ತೋರಿಸಿಕೊಂಡು ಬಾ" ಎಂದರು. ಎರಡೂ ಕಣ್ಣಿಗೆ ಪೊರೆ ಬಂದಿತ್ತು.

ನವೆಂಬರಿನಲ್ಲಿ ಬಲಗಣ್ಣಿನ ಶಸ್ತ್ರಚಿಕಿತ್ಸೆಯಾಯಿತು. ಪಟ್ಟಿ ಬಿಚ್ಚಿದ ಮರುದಿನ ಬೆಳಿಗ್ಗೆ ಜಗಲಿಯಲ್ಲಿ ಕುಳಿತು ಒಂದೊಂದೇ ಕಣ್ಣು ಮುಚ್ಚಿ ನೋಡಿದಾಗ, ಎಡಗಣ್ಣಿಗೆ ಡಿಕಾಕ್ಷನ್ ಚೆಲ್ಲಿದ ಪಂಚೆಯಂತೆ ಕಾಣುತ್ತಿದ್ದ ಅದೇ ಮಂಜು ಬಲಗಣ್ಣಿಗೆ ನಸುನೀಲಿಯಾಗಿ, ಅಂಚಿನಲ್ಲಿ ತುಸು ನೇರಳೆಯಾಗಿ ಕಂಡಿತು. ವಯಸ್ಸಾದಂತೆ ಹಳದಿಗಟ್ಟುವ ಕಣ್ಣಿನ ಮಸೂರವು ನೀಲಿ ಮತ್ತು ನೇರಳೆ ಬೆಳಕನ್ನು ತಡೆಯುತ್ತದೆ. ಅದನ್ನು ತೆಗೆದರೆ ಆ ಬಣ್ಣಗಳು ಮರಳುತ್ತವೆ. ಫ್ರಾನ್ಸಿನ ಚಿತ್ರಕಾರ ಮೊನೆಗೆ 1923ರಲ್ಲಿ ಇದೇ ಚಿಕಿತ್ಸೆಯಾದ ಮೇಲೆ ಎಲ್ಲವೂ ಅತಿ ನೀಲಿಯಾಗಿ ಕಂಡು ಕಷ್ಟವಾಯಿತಂತೆ. ನನಗಾದರೋ ಆ ನೀಲಿ ತವರಿಗೆ ಬಂದ ಮಗಳಂತೆ ಕಂಡಿತು.

ದಿನಕ್ಕೆ ನಾಲ್ಕು ಬಾರಿ ತಪ್ಪದೆ ಕಣ್ಣಿಗೆ ಔಷಧ ಹಾಕಿ, ಧೂಳಿಗೆ ಹೋಗದಂತೆ ಕಾದ ನನ್ನ ಹೆಂಡತಿಗೆ ಇಲ್ಲಿ ಧನ್ಯವಾದ ಹೇಳಿದರೆ ಅವಳು ನಗುತ್ತಾಳೆ, ಆದರೂ ಹೇಳುತ್ತಿದ್ದೇನೆ.

ವೈದ್ಯರ ಒಪ್ಪಿಗೆ ಸಿಕ್ಕ ಮೇಲೆ, ಗಿರಿಯ ದಾರಿಯಲ್ಲಿ ಸಿಗುವ ಕೈಮರದ ಆಚೆಯ ತಮ್ಮ ಕಾಫಿ ತೋಟದ ಕಣದಲ್ಲಿ ಕುರ್ಚಿ ಹಾಕಿಕೊಟ್ಟವರು ಗೆಳೆಯರೊಬ್ಬರು. ಕೊಯ್ಲಿನ ಗಡಿಬಿಡಿಯಲ್ಲಿ ನಾನು ಅವರಿಗೆ ಅಡ್ಡಿಯೇ ಆಗಿದ್ದೆ. ಇಬ್ಬನಿ ಆರಿದ ಮೇಲೆ ಟಾರ್ಪಾಲು ಸರಿಸಿದಾಗ ಕಾಣುವ ಹಣ್ಣಿನ ಸಿಪ್ಪೆ ತೆಗೆದು ಒಣಹಾಕಿದ ಪಾರ್ಚ್‌ಮೆಂಟ್ ಕಾಫಿಯ ಕೆನೆಬಣ್ಣ, ಸಿಲ್ವರ್ ಓಕ್ ಕಾಂಡಗಳ ಬೂದಿ, ಗಿರಿಯ ಒಣಗುತ್ತಿರುವ ಹುಲ್ಲು, ಅದರ ಮಡಿಕೆಗಳಲ್ಲಿ ಅಡಗಿದ ಶೋಲಾ ಕಾಡಿನ ಕಪ್ಪು ಹಸಿರು, ಇವುಗಳಲ್ಲಿ ಒಂದೂ ಗಟ್ಟಿಯಾಗಿ ಮಾತಾಡುವ ಬಣ್ಣವಲ್ಲ. ಅಲ್ಟ್ರಾಮರೀನ್ ನೀಲಿಗೆ ಬರ್ಂಟ್ ಸಿಯೆನ್ನಾ ಎಂಬ ಕೆಂಗಂದು ಬಣ್ಣ ಬೆರೆಸಿ ಇವನ್ನೆಲ್ಲ ಹುಡುಕಿದೆ. ಚಳಿಗೆ ಕಾಗದ ಬೇಗ ಆರುತ್ತಿರಲಿಲ್ಲವಾದ್ದರಿಂದ ಅವಸರಪಡುವ ನನ್ನ ಹಳೆಯ ಚಾಳಿಯೂ ಬಿಟ್ಟಿತು. ಕಾಫಿ ಕೆದಕುತ್ತಿದ್ದ ಹೆಂಗಸೊಬ್ಬರು ಬಗ್ಗಿ ನೋಡಿ, "ಬಿಳಿ ಬಣ್ಣಾನೇ ಹಚ್ಚಿಲ್ಲ, ಮಂಜು ಎಲ್ಲಿಂದ ಬಂತು ಸಾರ್?" ಎಂದರು. ಹಚ್ಚದೆ ಬಿಟ್ಟ ಕಾಗದವೇ ಮಂಜು ಎಂದೆ. ಇಡೀ ಪ್ರದರ್ಶನದಲ್ಲಿ ಅಷ್ಟು ಒಳ್ಳೆಯ ಪ್ರಶ್ನೆಯನ್ನು ಯಾರೂ ಕೇಳಲಿಲ್ಲ. ಅವರಿಗೂ ನಾನು ಋಣಿ.

ಬಾಗಿಲ ಬಳಿ ಜೋಡಿಯಾಗಿ ತೂಗುಹಾಕಿದ್ದ ಎರಡು ಗಿರಿಚಿತ್ರಗಳು ಒಂದೇ ಬೆಳಗಿನವು, ಒಂದೊಂದು ಕಣ್ಣಿನವು. ಅವು ಮೇಷ್ಟ್ರ ಮನೆಗೆ ಹೋಗಲಿವೆ. ಎಡಗಣ್ಣಿನ ಚಿಕಿತ್ಸೆ ಮುಂದಿನ ತಿಂಗಳು. ಅಲ್ಲಿಯವರೆಗೆ ಆ ಹಳದಿ ಬೆಳಗನ್ನು ಇನ್ನೊಂದೆರಡು ಹಾಳೆಗಳಲ್ಲಿ ಬರೆದಿಟ್ಟುಕೊಳ್ಳುತ್ತಿದ್ದೇನೆ.