ಮಗಳಿಗೊಂದು ಪತ್ರ: ಸುಣ್ಣದ ಹರಳು

ಮಗಾ,

ನಿನ್ನೆ ಫೋನಲ್ಲಿ "ಮಣ್ಣು ಎಲ್ಲಿದಾದ್ರೇನಪ್ಪ, ಬ್ಯಾಗಲ್ಲಿ ರೆಡಿ ಬರುತ್ತೆ" ಅಂದ್ಬುಟ್ಟು ಕಟ್ ಮಾಡ್ದೆ. ಬಾಯಲ್ಲಿ ಹೇಳಕ್ಕೋದ್ರೆ ಮತ್ತೆ ಜಗಳನೇ, ಅದಕ್ಕೆ ಟೈಪ್ ಮಾಡ್ತಿದೀನಿ. ಅಹ್ಮದಾಬಾದಿನ ಡಿಸೈನ್ ಕಾಲೇಜು ಎನ್‌ಐಡಿಲಿ ಸೆರಾಮಿಕ್ ಓದಕ್ಕೆ ಹೊಂಟಿದೀಯ, ಹೆಮ್ಮೆ ಇಲ್ದೇ ಇರುತ್ತಾ ಕಣವ್ವ, ನಮ್ಮನೇಲಿ ಹೆಣ್ಮಕ್ಳು ಮಣ್ಣು ತುಳಿಯೋರು, ಮಡಕೆ ತಟ್ಟೋರು, ಮಡಕೆ ತಿರುಗ್ಸೋ ಚಕ್ರ, ಆ ತಿಗರಿ ಮುಂದೆ ಕೂತೋಳು ನೀನೇ ಮೊದ್ಲು.

ಆದ್ರೆ ಮಣ್ಣು ಎಲ್ಲಿದಾದ್ರೇನು ಅನ್ಬೇಡ. ನಿಮ್ಮಜ್ಜಿ ಕೆರೆ ಮಣ್ಣು ಬಂದ್ರೆ ಒಂದ್ ಚಿಟಿಕೆ ಹಲ್ಲಿಗಿಟ್ಟು ಕಡಿಯೋಳು. ಮರಳಾದ್ರೆ ಸುಮ್ನಾಗೋಳು, ಸುಣ್ಣದ ಹರಳು ಅನ್ನುಸುದ್ರೆ ಇಡೀ ಗುಡ್ಡೆ ಮತ್ತೆ ನೆನೆಸಿ ಸೋಸೋದು. ಆ ಹರಳು ಮಡಕೆ ಸುಡೋ ಆವಿಗೇಲಿ ಏನೂ ಮಾಡಲ್ಲ, ಮಡಕೆ ಚೆಂದಾಗೇ ಬೇಯುತ್ತೆ, ಟಣ್ ಅನ್ನುತ್ತೆ, ಗಿರಾಕಿ ಮನೆಗೂ ಹೋಗುತ್ತೆ, ಆಮೇಲೆ ಒಳಗಿರೋ ಸುಟ್ಟ ಸುಣ್ಣ ಪಸೆ ಕುಡ್ದು ಊದ್ಕೊಂಡು ಚಕ್ಕೆ ಎಬ್ಬಿಸುತ್ತೆ, ಚಕ್ಕೆ ಎದ್ದ ಕಡೆ ಬಿಳಿ ಚುಕ್ಕಿ. ನಾನು ಹುಡುಗನಾಗಿದ್ದಾಗ ಒಂದ್ ಬೇಸ್ಗೇಲಿ ಮಾರಿದ್ ನೀರಿನ ಮಡಕೆಯೆಲ್ಲಾ ಹಂಗೇ ವಾಪಸ್ ಬಂದ್ವು. ಅಜ್ಜಿ ಒಂದೊಂದನ್ನೂ ತಿರುಗ್ಸಿ ನೋಡಿ ಬದಲಿ ಕೊಟ್ಳು, ಬೈದೋರ್ಗೂ ಮಜ್ಜಿಗೆ ಕೊಟ್ಳು. ಆ ಬಿಳಿ ಚುಕ್ಕಿ ನಂಗೆ ಈಗ್ಲೂ ಕನಸಲ್ಲಿ ಬರುತ್ತೆ. ನಿಂಗೂ ಹಂಗಾಗ್ಬಾರ್ದು ಅಷ್ಟೇಯ. ಬ್ಯಾಗ್ ಮಣ್ಣಲ್ಲಿ ಹರಳೇ ಇರಲ್ಲ ಅಂತೀಯ, ಸರಿ, ಆದ್ರೆ ಹರಳೇ ಸಿಗ್ದಿರೋ ಕೈ ಏನು ಕಲಿಯುತ್ತೆ?

ನಮ್ ಮಡಕೆ ಡಿಸೈನ್ ಯಾರೂ ಪೇಪರ್ ಮೇಲೆ ಬರ್ದಿಲ್ಲ. ಮೂರು ಕಲ್ಲಿನ ಒಲೆ ಮೇಲೆ, ತಲೆ ಮೇಲಿನ ಸಿಂಬಿ ಮೇಲೆ ಕೂರ್ಬೇಕಿತ್ತು, ತಳ ದುಂಡಗಾಯ್ತು. ಗ್ಯಾಸ್ ಸ್ಟವ್ ಬಂತು, ಈಗ ಚಪ್ಪಟೆ ತಳ ಕೇಳ್ತಾರೆ. ನಾಲೆ ಬಯಲಲ್ಲಿ ಸಿಗೋದು ಭತ್ತದ ಹುಲ್ಲು, ಕಬ್ಬಿನ ತರಗು, ತೆಂಗಿನ ಗರಿ, ಆ ಉರಿ 800 ಡಿಗ್ರಿ ಆಚೀಚೆನೇ, ಅದಕ್ಕೇ ಮಡಕೆ ಸಣ್ಣಗೆ ಜಿನುಗುತ್ತೆ, ಜಿನುಗಿದ್ದು ಗಾಳಿಗೆ ಆರೋದ್ರಿಂದ್ಲೇ ನೀರು ತಣ್ಣಗಾಗೋದು. ನಿಮ್ 1200 ಡಿಗ್ರಿ ಗೂಡಲ್ಲಿ ಬೆಂದಿದ್ದು ಜಿನುಗಲ್ಲ, ತಣ್ಣಗೂ ಮಾಡಲ್ಲ. ಕಾಫಿ ಕಪ್ಪಿಗೆ ಅದೇ ಸರಿ, ಅದನ್ನೂ ಒಪ್ತೀನಿ.

ರಜೆ ಸಿಕ್ಕಾಗ ಕಚ್ಛಿನ ಖಾವಡಾಗೆ ಹೋಗ್ಬಾ, ಅಲ್ಲೂ ನಮ್ಮಂಗೆ ಮಡಕೆ ಮಾಡೋರಿದಾರೆ. ಅಲ್ಲೂ ತಿಗರಿ ಗಂಡಸ್ರದ್ದೇ, ಬಣ್ಣ ಬರಿಯೋದು ಹೆಂಗಸ್ರು. ಹೊರಗಿನ ಮಣ್ಣು ತಗೊಂಡ್ರೆ ಮೇಲೆ ನಿಂಬೆ ರಸ ಬಿಟ್ಟು ನೋಡು, ನೊರೆ ಎದ್ರೆ ಸುಣ್ಣ ಐತೆ ಅಂತ. ಉಗುರು ಕತ್ತರಿಸ್ಕೋ. ಹೊತ್ಹೊತ್ತಿಗೆ ಊಟ ಮಾಡು. ನೋಡು, ಭಾಷಣ ಶುರುವಾಯ್ತು.

ಗಂಟಲೇರಿಸಿದ್ದಕ್ಕೆ ಬೇಜಾರ್ ಮಾಡ್ಕೋಬೇಡ. ನಿಮ್ಮವ್ವಂಗಾದ್ರೂ ಫೋನ್ ಮಾಡು, ನನ್ ಮೇಲಿನ ಸಿಟ್ಟು ಅವಳ ಮೇಲ್ಯಾಕೆ.

ನಿಮ್ಮಪ್ಪ